ಕಾವಲಿಗೆ ಕಾವಲು ಯಾರು?

ಚಿಕ್ಕಮಗಳೂರು ಜಿಲ್ಲೆಯ ಕಡೂರು ತಾಲೂಕಿನ ಬಾಸೂರು ಅಮೃತಮಹಲ್ ಕಾವಲನ್ನು ರಾಜ್ಯ ಸರಕಾರವು 2011ರಲ್ಲಿ ಸಂರಕ್ಷಣಾ ಮೀಸಲು ಪ್ರದೇಶವೆಂದು ಘೋಷಿಸಿತು. ಸುಮಾರು 1,800 ಎಕರೆಗಳ ಈ ಹುಲ್ಲುಗಾವಲು ಕೃಷ್ಣಮೃಗಗಳ ಬೀಡು. ಆದರೆ ಇದೇ ಪರಂಪರೆಗೆ ಸೇರಿದ ಚಿತ್ರದುರ್ಗ ಜಿಲ್ಲೆಯ ಚಳ್ಳಕೆರೆ ತಾಲೂಕಿನ ಕಾವಲುಗಳಿಗೆ ಆ ಭಾಗ್ಯ ಒದಗಲಿಲ್ಲ. 2007ರಿಂದೀಚೆಗೆ ಅಲ್ಲಿನ ಸಾವಿರಾರು ಎಕರೆಗಳು ರಕ್ಷಣಾ ಸಂಶೋಧನೆ, ಅಣುಶಕ್ತಿ, ಬಾಹ್ಯಾಕಾಶ ಸಂಸ್ಥೆಗಳ ಪಾಲಾದುವು. ಭಾರತೀಯ ವಿಜ್ಞಾನ ಸಂಸ್ಥೆಯೊಂದಕ್ಕೇ 1,500 ಎಕರೆ ದೊರೆಯಿತು. ಒಂದೇ ಮನೆತನದ ಕಾವಲುಗಳಿಗೆ ಎರಡು ಗತಿ ಏಕೆಂಬುದು ವಿಚಾರಾರ್ಹ.

ಮೈಸೂರಿನ ಚಿಕ್ಕದೇವರಾಜ ಒಡೆಯರ ಕಾಲದ 'ಬೆಣ್ಣೆ ಚಾವಡಿ'ಗೆ ಅಮೃತಮಹಲ್ ಎಂಬ ಹೆಸರಿತ್ತವನು ಟಿಪ್ಪು ಸುಲ್ತಾನ. ದಂಡಿನ ಫಿರಂಗಿ ಎಳೆಯುತ್ತಿದ್ದ ಎತ್ತುಗಳ ತಳಿಗಾಗಿ ಮೀಸಲಿಟ್ಟ ನೆಲವೇ ಈ ಕಾವಲುಗಳು. ಕಾಲಕ್ರಮದಲ್ಲಿ ಸುತ್ತಣ ಹಳ್ಳಿಗಳ ದನಕುರಿಗಳಿಗೂ ಅವು ಆಸರೆಯಾದುವು. ಚಳ್ಳಕೆರೆಯ ಕಂಬಳಿಗೆ ಉಣ್ಣೆ ಕೊಡುವ ಕುರಿಗಳು ಮೇದುದು ಇಂತಹ ಬಯಲುಗಳಲ್ಲಿಯೇ. ಗಣಪತಿಗೆ ಪ್ರಿಯವಾದ ಗರಿಕೆ, ಶಿವನಿಗೆ ಏರುವ ತುಂಬೆ, ತಂಗಡಿ, ಬಂದರಿಕೆ ಮುಂತಾದವು ಯಾರೂ ಬಿತ್ತದೆ ಬೆಳೆಯುವ ನೆಲವಿದು. ಆದರೂ ಮರವಿಲ್ಲದುದೆಲ್ಲ ಪಾಳು ಎಂಬ ಭ್ರಮೆ ನಮ್ಮಲ್ಲಿ ಬೇರೂರಿದೆ. ಈ ಭ್ರಮೆಯಿಂದಲೇ ಹುಲ್ಲುಗಾವಲಿನಲ್ಲಿ ಮರ ನೆಡುವ ಉಪಕಾರವೂ ನಡೆಯುತ್ತದೆ. ದಟ್ಟ ನೆರಳಿನಲ್ಲಿ ಬಯಲಿನ ಹುಲ್ಲು ಏಳದು. ದೂರದಿಂದಲೇ ಶತ್ರುವನ್ನು ಕಂಡು ಓಡುವ ಕೃಷ್ಣಮೃಗಕ್ಕೆ ನೆಡುತೋಪು ಹಿತವಾಗದು.

ಬಾಸೂರಿಗೆ ರಕ್ಷೆಯಾದುದು 2002ರಲ್ಲಿ ತಿದ್ದುಪಡಿಯಾದ ವನ್ಯಜೀವಿ ಕಾಯಿದೆ. ಅದರಂತೆ ಸರಕಾರಿ ನೆಲವನ್ನು ಸಂರಕ್ಷಣಾ ಮೀಸಲೆಂದು ಸಾರುವ ಮುನ್ನ ಸ್ಥಳೀಯ ಜನರೊಡನೆ ಸಮಾಲೋಚಿಸತಕ್ಕದ್ದು. ನಿರ್ವಹಣಾ ಸಮಿತಿಯಲ್ಲಿ ಅಲ್ಲಿನ ಪ್ರತಿ ಗ್ರಾಮ ಪಂಚಾಯತಿಯ ಪ್ರತಿನಿಧಿಗೂ, ಪಶುಸಂಗೋಪನೆಯ ಇಲಾಖೆಗೂ ಸ್ಥಾನವುಂಟು. ಆದರೆ ಸಮಿತಿಯ ಅಧಿಕಾರ ಸಲಹೆಯ ಮಟ್ಟದ್ದು. ಸಲಹೆಗೆ ಕಿವಿಗೊಡುವ ಅಧಿಕಾರಿಯಿಲ್ಲದಿದ್ದರೆ ಪಂಚಾಯತಿಯ ಕುರ್ಚಿ ಅಲಂಕಾರಕ್ಕಷ್ಟೆ.

ವಿಜ್ಞಾನ ಬೇಡವೆಂದು ನಾವು ಹೇಳುವುದಿಲ್ಲ. ದೇಶದ ರಕ್ಷಣೆಗೂ ನೆಲ ಬೇಕು. ಆದರೆ ಕಾವಲು ಯಾರದೂ ಅಲ್ಲದ ನೆಲವಲ್ಲ. ಅದು ಹಲವರ ನೆಲ. ಕೊಡುವ ಮುನ್ನ ಆ ಹಲವರನ್ನು ಕೇಳುವುದು ನ್ಯಾಯ. ಹೋಟೆಲಿನಲ್ಲಿಯೋ ಕಚೇರಿಯಲ್ಲಿಯೋ ದುಡಿದು ನಮ್ಮವರು ಊರಿಗೆ ಕಳುಹಿಸುವ ಹಣದಿಂದ ಮನೆಯವರು ಹಸು ಕೊಳ್ಳಬಹುದು. ಹಸು ಮೇಯುವ ಬಯಲನ್ನು ಕೊಳ್ಳಲಾಗದು. ಉಳಿದಿರುವ ಕಾವಲುಗಳ ಗಡಿಯನ್ನು ಗುರುತಿಸಿ, ಹಳ್ಳಿಗರ ಸಮ್ಮತಿಯಿಂದ ಅವುಗಳಿಗೂ ಬಾಸೂರಿನ ರಕ್ಷೆಯನ್ನು ನೀಡಲು ಸರಕಾರ ತಡಮಾಡಬಾರದು. ಊರಿಗೆ ಹೋದಾಗ ನಾವೂ ಪಂಚಾಯತಿಯಲ್ಲಿ ಈ ಮಾತನ್ನು ಎತ್ತಬೇಕು.