ಅಲ್ಯುಮಿನಿಯಂ ತಂತಿ ಕರಗಿಸುವ ಕೆಲಸ ನಮ್ಮ ಹುಡುಗರಿಗೂ ಬರಲಿ

ಹೋದ ತಿಂಗಳು ಹುಳಿಯಾರು ರಸ್ತೆಯ ಒಂದು ವೆಲ್ಡಿಂಗ್ ಶಾಪಿಗೆ ಯಾರೋ ಒಡೆದ ಅಲ್ಯುಮಿನಿಯಂ ಮೋಟಾರ್ ಕವರ್ ತಂದಿದ್ದರು. ಶಾಪಿನ ಹಿರಿಯರು ಅದನ್ನು ಮುಟ್ಟಲೇ ಇಲ್ಲ. "ಕಬ್ಬಿಣ ಕೆಂಪಗಾಗಿ ಹೇಳುತ್ತೆ ಕಣಪ್ಪ. ಇದು ಹೇಳೋದೇ ಇಲ್ಲ, ಒಂದೇ ಸಲ ಕರಗಿ ಬಿದ್ದೋಗುತ್ತೆ" ಅಂದರು.

ಈಗ ಅದೇ ಲೋಹದ ತಂತಿಯನ್ನು ಕರಗಿಸಿ, ಪದರದ ಮೇಲೆ ಪದರ ಪೇರಿಸಿ, ಇಡೀ ಬಿಡಿಭಾಗವನ್ನೇ ಕಟ್ಟುತ್ತಾರೆ. ಲೋಹದ ತ್ರೀಡಿ ಪ್ರಿಂಟಿಂಗ್‌ನಲ್ಲಿ ಇದೊಂದು ಬಗೆ. ಹೆಸರು ಕೇಳಿ ಹೆದರಬೇಡಿ. ರೋಬೋಟ್ ಕೈಗೆ ಮಿಗ್ ವೆಲ್ಡಿಂಗ್ ಟಾರ್ಚ್ ಕೊಟ್ಟರೆ ಅರ್ಧ ಮೆಷಿನ್ ಆದಂತೆಯೇ. ವೆಲ್ಡಿಂಗ್ ಆರ್ಕ್‌ನಿಂದ ಲೋಹ ಪೇರಿಸುವ ವಿಧಾನಕ್ಕೆ ಅಮೆರಿಕದ ರಾಲ್ಫ್ ಬೇಕರ್ 1925ರಲ್ಲೇ ಪೇಟೆಂಟ್ ಪಡೆದಿದ್ದ.

ಕಷ್ಟ ಇರುವುದು ಸೆಟ್ಟಿಂಗ್‌ನಲ್ಲಿ. ವೋಲ್ಟೇಜು, ಕರೆಂಟು, ತಂತಿ ಬರುವ ವೇಗ, ಟಾರ್ಚ್ ಓಡುವ ವೇಗ ಒಂದಕ್ಕೊಂದು ಹೊಂದಬೇಕು. ಸುಮ್ಮನೆ ಲೆಕ್ಕ ಹಾಕಿ: 20 ವೋಲ್ಟ್, 120 ಆಂಪಿಯರ್ ಅಂದರೆ 2400 ವ್ಯಾಟ್. ಟಾರ್ಚ್ ಸೆಕೆಂಡಿಗೆ 10 ಮಿಲಿಮೀಟರ್ ಓಡಿದರೆ ಪ್ರತಿ ಮಿಲಿಮೀಟರಿಗೆ 240 ಜೂಲ್ ಶಾಖ. ವೇಗ 5ಕ್ಕೆ ಇಳಿಸಿದರೆ 480. ಮೊದಲ ಪದರ ತಣ್ಣನೆ ಪ್ಲೇಟಿನ ಮೇಲೆ ಉಬ್ಬಿ, ಸಣ್ಣಗೆ ಕೂರುತ್ತದೆ. ಮೇಲೇರುತ್ತಾ ಕೆಳಗಿನ ಲೋಹ ಕಾದಿರುವುದರಿಂದ ಪದರ ಅಗಲಕ್ಕೆ ಹರಡಿ, ಗೋಡೆ ಜೋತು ಬೀಳುತ್ತದೆ. ಅದಕ್ಕೇ ಪ್ರತಿ ಪದರ ಎಷ್ಟು ಆರಬೇಕು ಅನ್ನುವುದೂ ಒಂದು ಸೆಟ್ಟಿಂಗ್.

ತೇವದ ವಿಷಯ ನಮಗೆ ಯಾರೂ ಹೇಳಿಕೊಡಬೇಕಿಲ್ಲ. ಅಟ್ಟದ ಕೊಬ್ಬರಿಗೆ ತೇವ ತಗುಲಿದರೆ ಏನಾಗುತ್ತೆ ಅಂತ ತಿಪಟೂರು ಮಾರ್ಕೆಟ್ಟಿಗೆ ಚೀಲ ಹೊತ್ತವರಿಗೆಲ್ಲ ಗೊತ್ತು. ತಂತಿಗೆ ತೇವ, ಎಣ್ಣೆಜಿಡ್ಡು ಅಂಟಿದ್ದರೆ ಅದರ ಹೈಡ್ರೋಜನ್ ಕರಗಿದ ಅಲ್ಯುಮಿನಿಯಂ ಒಳಗೆ ಸೇರುತ್ತದೆ. ಲೋಹ ಗಟ್ಟಿಯಾಗುವಾಗ ಹೊರಬರಲಾಗದೆ ಗುಳ್ಳೆಯಾಗಿ ಉಳಿಯುತ್ತದೆ. ಹೊರಗೆ ನುಣುಪು, ಒಳಗೆ ತೂತು. ಇನ್ನು ಅಲ್ಯುಮಿನಿಯಂ 660 ಡಿಗ್ರಿಗೆ ಕರಗಿದರೂ ಮೇಲಿನ ಆಕ್ಸೈಡ್ ಪೊರೆ ಕರಗಲು 2000 ಡಿಗ್ರಿ ದಾಟಬೇಕು. ಕರಗಿದ ಲೋಹಕ್ಕೆ ಗಾಳಿ ತಾಗದಂತೆ ಆರ್ಗಾನ್ ಗ್ಯಾಸ್ ಬಿಡುವುದು ಇದಕ್ಕೇ.

"ರೋಬೋಟ್ ಕೆಲಸಕ್ಕೆ ನಮ್ಮ ಹುಡುಗರು ಯಾಕೆ?" ಅಂತ ಒಬ್ಬರು ಕೇಳಿದರು. ರೋಬೋಟಿಗೆ ನಂಬರ್ ಕೊಡುವವನು ಬೇಕಲ್ಲ ಸ್ವಾಮಿ! ಶಬ್ದ ಕೇಳಿಯೇ ಆರ್ಕ್ ಸರಿಯಿಲ್ಲ ಅನ್ನುವ ವೆಲ್ಡರ್‌ಗೆ ಆ ಕೆಲಸ ಬೇಗ ಹಿಡಿಯುತ್ತದೆ ಅನ್ನೋದು ನನ್ನ ಅಭಿಪ್ರಾಯ. ಪಕ್ಕದ ಗುಬ್ಬಿ ತಾಲ್ಲೂಕಿನ ಬಿದರೆಹಳ್ಳ ಕಾವಲ್‌ನಲ್ಲಿ ಎಚ್‌ಎಎಲ್ ಹೆಲಿಕಾಪ್ಟರ್ ಕಾರ್ಖಾನೆ 2023ರ ಫೆಬ್ರವರಿ 6ರಂದು ಉದ್ಘಾಟನೆಯಾಯಿತು. ಹಾರುವ ಯಂತ್ರಕ್ಕೆ ಹಗುರ ಲೋಹವೇ ಬೇಕು. ಅಲ್ಯುಮಿನಿಯಂ ಮುಟ್ಟದ ವೆಲ್ಡರ್ ಅಂಥ ಗೇಟಿನ ಮುಂದೆ ನಿಂತು ಏನು ಹೇಳಿಯಾನು?

ಐಟಿಐ ವೆಲ್ಡರ್ ಟ್ರೇಡ್ ಒಂದು ವರ್ಷದ್ದು. ಪಠ್ಯದಲ್ಲಿ ಮಿಗ್, ಟಿಗ್, ಅಲ್ಯುಮಿನಿಯಂ ಎಲ್ಲ ಇದೆ. ಆದರೆ ನಾನು ಹೋಗಿ ನೋಡಿದ ಒಂದು ಕಡೆ ಹುಡುಗರು ಕಬ್ಬಿಣದ ಪಟ್ಟಿಗೆ ರಾಡ್ ಹಚ್ಚುತ್ತಲೇ ವರ್ಷ ಮುಗಿಸುತ್ತಿದ್ದರು. ಆರ್ಗಾನ್ ಸಿಲಿಂಡರ್ ಮೂಲೆಯಲ್ಲಿ ಖಾಲಿ ನಿಂತಿತ್ತು.

ಈ ಸಲ ಮಗನನ್ನೋ ಮಗಳನ್ನೋ ಸೇರಿಸಲು ಹೋದಾಗ ಫೀಸ್ ಕಟ್ಟುವ ಮೊದಲು ವರ್ಕ್‌ಶಾಪ್ ಒಳಗೆ ಹೋಗಿ ಬನ್ನಿ. ಗ್ಯಾಸ್ ಕೊನೆಗೆ ತುಂಬಿಸಿದ್ದು ಯಾವಾಗ, ಅಲ್ಯುಮಿನಿಯಂ ತಂತಿ ಹೋದ ವರ್ಷ ಎಷ್ಟು ಕೆಜಿ ಖರ್ಚಾಯಿತು ಅಂತ ಕೇಳಿ. ಸ್ಟಾಕ್ ರಿಜಿಸ್ಟರ್ ತೋರಿಸಿ ಅನ್ನಿ.