ಹಲ್ಲಿನ ನಡೆಗೆ ಎಷ್ಟು ಅವಸರ?

ಕಂಬಂ ಕಣಿವೆಯ ಕಪ್ಪಿಲಿಯರ ಮನೆಗಳಲ್ಲಾಗಲಿ, ದಿಂಡಿಗಲ್ ಸೀಮೆಯ ಅನುಪ್ಪರ ಮನೆಗಳಲ್ಲಾಗಲಿ, ಒಳಗೆ ಕನ್ನಡ ಹೊರಗೆ ತಮಿಳು ಎಂಬುದು ತಲೆಮಾರುಗಳ ರೂಢಿ. ಹಲ್ಲು ನೇರ ಮಾಡುವ ತಂತಿಗೆ ಮಾತ್ರ ಎರಡೂ ಕಡೆ ಒಂದೇ ಹೆಸರು: ಕ್ಲಿಪ್. ಮಗಳ ಮದುವೆಯ ಮಾತು ಬರುವುದರೊಳಗೆ ಅದನ್ನು ಬಿಚ್ಚಿಸಿಬಿಡಬೇಕೆಂಬ ಆತುರ ಹೆತ್ತವರಿಗೆ. ಆರೇ ತಿಂಗಳಲ್ಲಿ ಮುಗಿಸಿಕೊಡುವೆವೆಂಬ ಜಾಹೀರಾತು ಮನಸ್ಸನ್ನು ಸೆಳೆಯುವುದು ಅಂಥ ಹೊತ್ತಿನಲ್ಲಿಯೇ.

ಹಲ್ಲು ದವಡೆಯಲ್ಲಿ ನೆಟ್ಟ ಗೂಟವಲ್ಲ. ಬೇರಿಗೂ ಮೂಳೆಗೂ ನಡುವೆ ನವಿರಾದ ನಾರಿನ ಪೊರೆಯೊಂದಿದೆ. ತಂತಿಯ ಒತ್ತಡ ಬಿದ್ದ ಕಡೆ ಮೂಳೆ ಕರಗುತ್ತದೆ, ಎಳೆತ ಬಿದ್ದ ಕಡೆ ಹೊಸ ಮೂಳೆ ಕೂಡುತ್ತದೆ. ಈ ಕೆಲಸ ಜೀವಕೋಶಗಳದು, ತಂತಿಯದಲ್ಲ. ಆದ್ದರಿಂದಲೇ ಹಲ್ಲು ತಿಂಗಳಿಗೆ ಸುಮಾರು 1 ಮಿಲಿಮೀಟರ್ ಸರಿಯುತ್ತದೆ. ಚಿಕಿತ್ಸೆಗೆ ಸಾಮಾನ್ಯವಾಗಿ ಒಂದೂವರೆ ಎರಡು ವರ್ಷ ಹಿಡಿಯುತ್ತದೆ. ಬಿಗಿ ಹೆಚ್ಚಿಸಿದರೆ ಬೇಗ ಆದೀತೆಂಬ ಎಣಿಕೆ ತಲೆಕೆಳಗು. ಅತಿಯಾಗಿ ಒತ್ತಿದರೆ ಆ ಪೊರೆಯಲ್ಲಿ ರಕ್ತಸಂಚಾರ ನಿಂತು, ಹಲ್ಲು ವಾರಗಟ್ಟಲೆ ಕದಲದೆ ಕೂರುತ್ತದೆ. ಬೇರಿನ ತುದಿ ಸವೆಯುವ ಭಯವೂ ಉಂಟು. ಚಪ್ಪರದ ಮೇಲೆ ದ್ರಾಕ್ಷಿಬಳ್ಳಿ ಹಬ್ಬಿಸುವ ಕಂಬಂ ರೈತರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ.

ವೇಗ ಹೆಚ್ಚಿಸುವ ಉಪಾಯಗಳಲ್ಲಿ ಹಳೆಯದು ಶಸ್ತ್ರಕ್ರಿಯೆ. ಹಲ್ಲಿನ ಸುತ್ತಲ ಮೂಳೆಗೆ ಗೀರು ಹಾಕುವ ಕ್ರಮವನ್ನು ಕೋಲೆ ಎಂಬ ವೈದ್ಯರು 1959ರಲ್ಲಿ ವಿವರಿಸಿದ್ದರು. ಅಮೆರಿಕದ ವಿಲ್ಕೋ ಸಹೋದರರು 2001ರಲ್ಲಿ ಅದನ್ನು ಹೊಸದಾಗಿ ರೂಪಿಸಿದರು. ಗಾಯ ಮಾಯುವಾಗ ಮೂಳೆಯ ಕರಗುವಿಕೆ, ಕೂಡುವಿಕೆ ಎರಡೂ ಚುರುಕಾಗುತ್ತವೆ. ಆ ಚುರುಕು ಕೆಲವೇ ತಿಂಗಳದ್ದು. ನೋವು, ಬಾವು, ಖರ್ಚು ಬೇರೆ. ದಿನವೂ ಕಚ್ಚಿ ಹಿಡಿಯುವ ಕಂಪನ ಯಂತ್ರದಿಂದ ಹೇಳಿಕೊಳ್ಳುವಂಥ ಪ್ರಯೋಜನವಿಲ್ಲವೆಂದು 2023ರ ಕಾಕ್ರೇನ್ ಪರಿಶೀಲನೆ ತಿಳಿಸಿದೆ. ಬೆಳಕಿನ ಚಿಕಿತ್ಸೆಗೂ ಆಧಾರ ದುರ್ಬಲ. ಇವಕ್ಕೆ ಸಾಲ ಮಾಡುವುದು ಅನವಶ್ಯಕ.

ಕಾಲ ನಿಜವಾಗಿ ಸೋರಿಹೋಗುವುದು ಬೇರೆಡೆ. ನಿಲಕ್ಕೋಟೈ ಮೊದಲಾಗಿ ದಿಂಡಿಗಲ್ ಜಿಲ್ಲೆಯ ಹಲವೆಡೆ ಅಂತರ್ಜಲದಲ್ಲಿ ಫ್ಲೋರೈಡ್ ಮಿತಿಮೀರಿದೆ. ಲೀಟರಿಗೆ 1.5 ಮಿಲಿಗ್ರಾಂ ದಾಟಿದ ನೀರನ್ನು ಎಳವೆಯಲ್ಲಿ ಕುಡಿದ ಮಕ್ಕಳ ಹಲ್ಲುಗಳಲ್ಲಿ ಬಿಳಿಯ, ಕಂದು ಬಣ್ಣದ ಕಲೆಗಳು ಮೂಡುತ್ತವೆ. ಅಂಥ ಹಲ್ಲಿನ ಮೇಲ್ಪದರಕ್ಕೆ ಆಮ್ಲ ಸುಲಭವಾಗಿ ನಾಟದು. ಆಮ್ಲ ನಾಟದಿದ್ದರೆ ಅಂಟು ಹಿಡಿಯದು, ಬ್ರಾಕೆಟ್ ಪದೇ ಪದೇ ಕಳಚುತ್ತದೆ. ಬಿಡಿ ಬ್ರಾಕೆಟ್ಟೊಂದು ವಾರಗಟ್ಟಲೆ ಹಾಗೆಯೇ ಉಳಿದರೆ ಆ ಹಲ್ಲಿನ ನಡೆ ಅಲ್ಲಿಗೇ ನಿಂತಿತು. ಮೇಲ್ಪದರವನ್ನು ನವಿರಾಗಿ ಉಜ್ಜಿ, ಆಮ್ಲವನ್ನು ಹೆಚ್ಚು ಹೊತ್ತು ಬಿಟ್ಟು ಅಂಟಿಸುವ ಕ್ರಮ ಉಂಟು. ಊರಿನ ನೀರಿನ ಸಂಗತಿಯನ್ನು ವೈದ್ಯರಿಗೆ ಮೊದಲೇ ತಿಳಿಸುವುದು ಕಂಪನ ಯಂತ್ರಕ್ಕಿಂತ ಎಷ್ಟೋ ಮೇಲು.

ತಪ್ಪಿದ ಭೇಟಿಗಳದೂ ಇದೇ ಕಥೆ. ಕೊಯ್ಲು, ಪರೀಕ್ಷೆ, ಜಾತ್ರೆ ಎಂದು ಕಂಬದಿಂದ ತೇನಿಗೆ ಹೋಗುವ ಬಸ್ಸು ಒಂದು ತಿಂಗಳು ತಪ್ಪಿದರೆ, ಚಿಕಿತ್ಸೆಯೂ ಆ ತಿಂಗಳು ಹಿಂದೆ ಬೀಳುತ್ತದೆ. ತಂತಿ ಬಿಗಿದ ದಿನದ ನೋವಿಗೆ ಐಬುಪ್ರೊಫೆನ್‌ಗಿಂತ ಪ್ಯಾರಸಿಟಮಾಲನ್ನು ವೈದ್ಯರು ಮೆಚ್ಚುವುದಕ್ಕೂ ಕಾರಣವಿದೆ: ಮೂಳೆ ಕರಗಿಸಲು ಬೇಕಾದ ರಾಸಾಯನಿಕವನ್ನೇ ಮೊದಲನೆಯದು ತಡೆಯುತ್ತದೆ. ಮದುವೆಯ ದಿನ ಗೊತ್ತುಮಾಡುವವರು ಇನ್ನೊಂದನ್ನೂ ಲೆಕ್ಕಕ್ಕೆ ಹಿಡಿಯಬೇಕು. ಕ್ಲಿಪ್ ಬಿಚ್ಚಿದ ಮೇಲೆ ರಿಟೈನರ್ ತೊಡಬೇಕು. ತೊಡದಿದ್ದರೆ ಹಲ್ಲುಗಳು ಹಳೆಯ ಜಾಗದತ್ತ ಮರಳತೊಡಗುತ್ತವೆ.