ಮಡಚಬಹುದು, ಅಳಿಸಲಾಗದು

ಸಾಮಾನ್ಯ ಸೀರೆಯಲ್ಲಿ ಹೊಕ್ಕಿನ ನೂಲು ಅಂಚಿನಿಂದ ಅಂಚಿಗೆ ಓಡುತ್ತದೆ. ಟ್ಯಾಪೆಸ್ಟ್ರಿಯಲ್ಲಿ ಹಾಗಲ್ಲ. ಒಂದೊಂದು ಬಣ್ಣದ ನೂಲೂ ತನಗೆ ಬೇಕಾದಷ್ಟೇ ಜಾಗದಲ್ಲಿ ಹೋಗಿ ಬಂದು ಹಾಸನ್ನು ಪೂರ್ತಿ ಮುಚ್ಚಿಬಿಡುತ್ತದೆ. ಅಲ್ಲಿ ಚಿತ್ರ ಬಟ್ಟೆಯ ಮೇಲಿರುವುದಿಲ್ಲ, ಚಿತ್ರವೇ ಬಟ್ಟೆ.

ಈ ಗುಣವನ್ನು ಗಟ್ಟಿಯಾಗಿ ಹಿಡಿದುಕೊಂಡವರು ನಾರ್ವೆಯ ಹನ್ನಾ ರಿಗ್ಗೆನ್ (1894–1970). ಹುಟ್ಟಿದ್ದು ಸ್ವೀಡನ್ನಿನಲ್ಲಿ, ಕಲಿತದ್ದು ಚಿತ್ರಕಲೆ, ಬಾಳಿದ್ದು ಕರಾವಳಿಯ ಪುಟ್ಟ ಹೊಲಮನೆಯಲ್ಲಿ. ಮಗ್ಗ ಗಂಡ ಮಾಡಿಕೊಟ್ಟದ್ದು, ಉಣ್ಣೆ ಮನೆಯ ಕುರಿಗಳದ್ದು, ಬಣ್ಣ ಸುತ್ತಲಿನ ಗಿಡಗಳದ್ದು. ಮೊದಲು ಡಿಸೈನ್, ಆಮೇಲೆ ಕೆಲಸ ಎನ್ನುವ ನಮ್ಮ ಐಟಿ ಪದ್ಧತಿ ಅವರದಲ್ಲ. ಕಾಗದದ ಮೇಲೆ ನಕ್ಷೆ ಬರೆಯದೆ ನೇರ ಮಗ್ಗದಲ್ಲೇ ಚಿತ್ರ ಮೂಡಿಸುತ್ತಿದ್ದರು. ವಿಷಯ ಮಾತ್ರ ಹಲವು ಸಲ ಅಂದಂದಿನ ಸುದ್ದಿ.

1935ರಲ್ಲಿ ಮುಸೊಲಿನಿ ಇಥಿಯೋಪಿಯಾದ ಮೇಲೆ ದಂಡೆತ್ತಿ ಹೋದಾಗ, ಅವನ ತಲೆಗೆ ಈಟಿ ಚುಚ್ಚಿದ ಚಿತ್ರ ನೇಯ್ದರು. 1937ರ ಪ್ಯಾರಿಸ್ ವಸ್ತುಪ್ರದರ್ಶನದಲ್ಲಿ ಆ ಭಾಗವನ್ನು ಮಡಚಿ ಮರೆಮಾಡಲಾಯಿತು.

ಸುದ್ದಿ ಓದಿ ಬಂದ ನಮ್ಮ ಸಿಟ್ಟು ಒಂದು ಫಾರ್ವರ್ಡ್‌ನಲ್ಲಿ ಇಳಿದುಹೋಗುತ್ತದೆ. ಹನ್ನಾ ಅದನ್ನು ಎಳೆ ಎಳೆಯಾಗಿ ಉಣ್ಣೆಗೆ ಸೇರಿಸಿದರು. ಹೀಗೆ ಹಾಸುಹೊಕ್ಕಾದದ್ದನ್ನು ಮಡಚಿಡಬಹುದು, ಅಷ್ಟೇ. ಅಳಿಸಬೇಕೆಂದರೆ ಬಟ್ಟೆಯನ್ನೇ ಬಿಚ್ಚಬೇಕು.